ಓಟಕ್ಕೆ ಮುನ್ನ ಹತ್ತು ನಿಮಿಷ

ಭಾನುವಾರ ನಸುಕಿನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗುವವರಿಗೆ ಈ ನೋಟ ಹೊಸದಲ್ಲ. ಒಂದು ಕೈಯನ್ನು ಮರಕ್ಕೆ ಆನಿಸಿ, ಇನ್ನೊಂದರಲ್ಲಿ ಪಾದವನ್ನು ಹಿಂದಕ್ಕೆ ಎಳೆದು ಹಿಡಿದು ಅರ್ಧ ನಿಮಿಷ ನಿಲ್ಲುತ್ತಾರೆ. ಬಗ್ಗಿ ಕಾಲ್ಬೆರಳು ಮುಟ್ಟುತ್ತಾರೆ. ವಾಚಿನ ಗುಂಡಿ ಒತ್ತಿ ಓಟ ಶುರು ಮಾಡುತ್ತಾರೆ. ಇದನ್ನೇ ಬಹಳ ಮಂದಿ ವಾರ್ಮ್ ಅಪ್ ಎಂದುಕೊಂಡಿದ್ದಾರೆ. ಆದರೆ ನಿಂತಲ್ಲೇ ನಿಂತು ಮೈ ಎಳೆದರೆ ಸ್ನಾಯು ಬಿಸಿಯಾಗುವುದಿಲ್ಲ.

ವಿಶ್ರಾಂತಿಯಲ್ಲಿರುವಾಗ ಹೃದಯ ಪಂಪ್ ಮಾಡುವ ರಕ್ತದಲ್ಲಿ ಶೇ. 15ರಿಂದ 20ರಷ್ಟು ಮಾತ್ರ ಸ್ನಾಯುಗಳಿಗೆ ಹೋಗುತ್ತದೆ. ಜೋರಾಗಿ ಓಡುವಾಗ ಈ ಪಾಲು ಶೇ. 80ರ ಆಸುಪಾಸಿಗೆ ಏರುತ್ತದೆ. ರಕ್ತನಾಳಗಳು ಹಿಗ್ಗಿ ಈ ಬದಲಾವಣೆ ಆಗಲು ಕೆಲವು ನಿಮಿಷ ಬೇಕು. ಸ್ನಾಯು ಬಿಸಿಯಾದಂತೆ ರಕ್ತ ತನ್ನಲ್ಲಿರುವ ಆಮ್ಲಜನಕವನ್ನು ಅದಕ್ಕೆ ಸುಲಭವಾಗಿ ಬಿಟ್ಟುಕೊಡುತ್ತದೆ, ನರಗಳ ಸಂದೇಶ ಬೇಗ ತಲುಪುತ್ತದೆ, ಕೀಲುಗಳೊಳಗಿನ ದ್ರವ ತೆಳುವಾಗಿ ಮಂಡಿ ಸಲೀಸಾಗಿ ಮಡಚುತ್ತದೆ. ಓಟದ ಮೊದಲ ಕಿಲೋಮೀಟರಿನಲ್ಲೇ ಏದುಸಿರು ಬಂದು ಕಾಲು ಭಾರವಾಗುವುದಕ್ಕೆ ಮುಖ್ಯ ಕಾರಣ, ಈ ಸಿದ್ಧತೆ ಮುಗಿಯುವ ಮೊದಲೇ ವೇಗ ಹಿಡಿದಿರುವುದು.

ಹಾಗಿದ್ದರೆ ಸ್ಟ್ರೆಚಿಂಗ್‌ನಿಂದ ಗಾಯವಾದರೂ ತಪ್ಪುತ್ತದೆಯೇ? ಆಸ್ಟ್ರೇಲಿಯಾದ ಸೇನೆಗೆ ಹೊಸದಾಗಿ ಸೇರಿದ 1,538 ಯುವಕರ ಮೇಲೆ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರು ವಾರ್ಮ್ ಅಪ್ ಮಾಡಿದರು. ಒಂದು ಗುಂಪು ಮಾತ್ರ ಅದರ ಜೊತೆಗೆ ಕಾಲಿನ ಸ್ನಾಯುಗಳನ್ನು ಎಳೆದು ಹಿಡಿಯುವ ಸ್ಟ್ರೆಚಿಂಗ್ ಮಾಡಿತು. ಹನ್ನೆರಡು ವಾರಗಳ ತರಬೇತಿಯ ಕೊನೆಗೆ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ ಎಂದೂ ಬೇರೆ ಪ್ರಯೋಗಗಳು ತೋರಿಸಿವೆ. ಅಂಥ ಸ್ಟ್ರೆಚಿಂಗ್ ಬೇಕೆನಿಸಿದವರು ಅದನ್ನು ಓಟ ಮುಗಿದ ಮೇಲೆ ಮಾಡಿಕೊಳ್ಳಬಹುದು.

ಓಟಕ್ಕೆ ಮುನ್ನ ಬೇಕಿರುವುದು ಚಲನೆ. ಮೊದಲು ಐದು ನಿಮಿಷ ಬಿರುಸಿನ ನಡಿಗೆ, ಅಥವಾ ಪಕ್ಕದವರೊಡನೆ ಮಾತಾಡಿಕೊಂಡೇ ಸಾಗುವಷ್ಟು ನಿಧಾನದ ಜಾಗಿಂಗ್. ಮೈ ತುಸು ಬೆವರತೊಡಗಿದ ಮೇಲೆ ಗೋಡೆ ಹಿಡಿದು ಒಂದೊಂದು ಕಾಲನ್ನೂ ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಬೀಸಬೇಕು. ಬಳಿಕ ದೊಡ್ಡ ಹೆಜ್ಜೆಯಿಟ್ಟು ಮಂಡಿ ಬಗ್ಗಿಸುವ ಲಂಜ್, ಮಂಡಿಯನ್ನು ಸೊಂಟದೆತ್ತರಕ್ಕೆ ಎತ್ತುವ ಹೈ ನೀ, ಹಿಮ್ಮಡಿಯನ್ನು ಪೃಷ್ಠಕ್ಕೆ ತಾಗಿಸುವ ಬಟ್ ಕಿಕ್. ಮೀನಖಂಡ ಬಿಗಿಯಾಗಿರುವವರು ತುದಿಗಾಲಲ್ಲಿ ಹತ್ತು ಸಲ ಎದ್ದಿಳಿಯುವುದು ಒಳ್ಳೆಯದು.

ಎಲ್ಲ ಓಟಕ್ಕೂ ಒಂದೇ ಅಳತೆಯಲ್ಲ.

ದೂರ ಕಡಿಮೆಯಾಗಿ ವೇಗ ಹೆಚ್ಚಿದಷ್ಟೂ ವಾರ್ಮ್ ಅಪ್ ಹೆಚ್ಚು ಬೇಕು. ನೂರು ಮೀಟರ್ ಓಟಗಾರರಿಗೆ ಅರ್ಧ ಗಂಟೆಗೂ ಮೀರಿ ಹಿಡಿಯುತ್ತದೆ. ಐದು ಕಿಲೋಮೀಟರನ್ನು ಜೋರಾಗಿ ಓಡುವವರು ಕೊನೆಯಲ್ಲಿ ಎಂಬತ್ತು, ನೂರು ಮೀಟರಿನ ಮೂರು ನಾಲ್ಕು ಚುರುಕಿನ ಓಟಗಳನ್ನು ಸೇರಿಸಿಕೊಳ್ಳಬೇಕು. ದಿನನಿತ್ಯದ ಹಗುರ ಓಟಕ್ಕೆ ಮೊದಲ ಕಿಲೋಮೀಟರನ್ನು ನಿಧಾನವಾಗಿ ಓಡಿದರೂ ಸಾಕು. ಕೀನ್ಯಾದ ಇಟೆನ್ ಊರಿನಲ್ಲಿ ಜಗತ್ತಿನ ಅತಿವೇಗದ ದೂರ ಓಟಗಾರರೇ ಬೆಳಗಿನ ಓಟವನ್ನು ಹವ್ಯಾಸಿಗಳೂ ಜೊತೆಗೂಡಬಹುದಾದಷ್ಟು ನಿಧಾನವಾಗಿ ಆರಂಭಿಸುತ್ತಾರೆ.

ಸ್ಪರ್ಧೆಯ ದಿನ ಇನ್ನೊಂದು ತೊಡಕಿದೆ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆಯಂಥ ದೊಡ್ಡ ಓಟಗಳಲ್ಲಿ ಆರಂಭದ ಗೆರೆಯ ಹಿಂದೆ ಗುಂಪಿನೊಳಗೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಸುಮ್ಮನೆ ನಿಂತರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಸ್ನಾಯುವಿನ ಬಿಸಿ ಬಹುಪಾಲು ಇಳಿದುಹೋಗುತ್ತದೆ. ಅಲ್ಲಿ ಜಾಗಿಂಗ್‌ಗೆ ಜಾಗವಿಲ್ಲದಿದ್ದರೂ ನಿಂತಲ್ಲೇ ಮೆಲ್ಲಗೆ ಕುಣಿಯಬಹುದು, ಮಂಡಿ ಎತ್ತಬಹುದು, ತುದಿಗಾಲಲ್ಲಿ ಏಳಬಹುದು. ಚಳಿಯಿದ್ದರೆ ಮೇಲಂಗಿಯನ್ನು ಓಟ ಶುರುವಾಗುವ ತುಸು ಮುಂಚಿನವರೆಗೂ ತೆಗೆಯದಿರುವುದು ಲೇಸು.