ಆಯಿಯ ಬೆರಳು, ಮೊಬೈಲಿನ ಗಾಜು



ಈ ಮಾತು ನಿಮ್ಮ ಮನೆಯಲ್ಲಿ ಒಮ್ಮೆಯಾದರೂ ನಡೆದಿರುತ್ತದೆ. ಆಯಿ ಮೊಬೈಲ್ ಹಿಡಿದುಕೊಂಡು ಊರಲ್ಲಿರುವ ಮಗಳಿಗೆ ವಿಡಿಯೋ ಕಾಲ್ ಮಾಡಲು ನೋಡುತ್ತಾಳೆ. ಒಮ್ಮೆ ಒತ್ತಿದರೆ ಏನೂ ಆಗುವುದಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದರೆ ಬೇರೆ ಏನೋ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ನೀವು ಬಂದು, "ಏ ಆಯಿ, ಇತ್ತ ಕೊಡ, ನಾ ಮಾಡ್ತೀನಿ. ಎಷ್ಟ ಸಲ ಹೇಳೂದು ನಿನಗ?" ಅನ್ನುತ್ತೀರಿ. ಆಯಿ ಮೊಬೈಲ್ ಕೊಟ್ಟುಬಿಡುತ್ತಾಳೆ. "ಹೋಗ್ಲಿ ಬಿಡಪ್ಪಾ, ಅದು ನಮ್ಮ ತಲ್ಯಾಗ ಇಳಿಯಂಗಿಲ್ಲ" ಅನ್ನುತ್ತಾಳೆ.

ಸೊಲ್ಲಾಪುರದ ಓಣಿಯಿರಲಿ, ಅಕ್ಕಲಕೋಟ ತಾಲೂಕಿನ ಹಳ್ಳಿಯಿರಲಿ, ಮಾತು ಇದೇ. ಆದರೆ "ತಲ್ಯಾಗ ಇಳಿಯಂಗಿಲ್ಲ" ಅನ್ನುವುದು ನಿಜವೇ? ವಿಜ್ಞಾನ ಓದುವವರು ಇದನ್ನು ಹಾಗೇ ಒಪ್ಪಿಕೊಳ್ಳಬಾರದು. ತಲೆಯ ತನಕ ಹೋಗುವ ಮೊದಲು ಬೆರಳಿನಿಂದ ಶುರು ಮಾಡೋಣ. ಅರ್ಧ ತೊಂದರೆ ಅಲ್ಲೇ ಇದೆ.

ಮೊಬೈಲಿನ ಪರದೆ ನೀವು ಎಷ್ಟು ಜೋರಾಗಿ ಒತ್ತಿದಿರಿ ಎಂದು ಅಳೆಯುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕದ ಗೆರೆಗಳು ಅಡ್ಡಡ್ಡ, ಉದ್ದುದ್ದ ಹಾಯ್ದಿರುತ್ತವೆ, ಮಗ್ಗದ ಹಾಸು ಹೊಕ್ಕಿನ ಹಾಗೆ. ನಮ್ಮ ದೇಹವೂ ವಿದ್ಯುತ್ ವಾಹಕವೇ. ಬೆರಳು ಹತ್ತಿರ ಬಂದಾಗ ಅದೇ ಕೆಪಾಸಿಟರಿನ ಇನ್ನೊಂದು ತಟ್ಟೆಯಾಗಿ ಕೆಲಸ ಮಾಡಿ, ಅಲ್ಲಿನ ವಿದ್ಯುತ್ ಧಾರಣಶಕ್ತಿ ತುಸು ಬದಲಾಗುತ್ತದೆ. ಆ ಬದಲಾವಣೆಯನ್ನು ಮೊಬೈಲ್ "ಇಲ್ಲಿ ಮುಟ್ಟಿದರು" ಎಂದು ತಿಳಿಯುತ್ತದೆ. ಎರಡು ತಟ್ಟೆಗಳ ನಡುವಿನ ಅಂತರ ಹೆಚ್ಚಿದಷ್ಟೂ ಧಾರಣಶಕ್ತಿ ಕಡಿಮೆ. ನಮ್ಮ ಚರ್ಮದ ಅತಿ ಹೊರಗಿನ ಪದರ ಸತ್ತ ಕೋಶಗಳದ್ದು. ವಯಸ್ಸಾದಂತೆ ಅದು ಒಣಗುತ್ತದೆ. ಹೊಲದಲ್ಲಿ ಕುರ್ಪಿ ಹಿಡಿದವರ, ಮಗ್ಗದಲ್ಲಿ ದುಡಿದವರ ಕೈಯಲ್ಲಿ ದಪ್ಪವೂ ಆಗಿರುತ್ತದೆ. ಒಳಗಿನ ತೇವದ ವಾಹಕ ಭಾಗಕ್ಕೂ ಗಾಜಿಗೂ ಅಂತರ ಹೆಚ್ಚಾಗುತ್ತದೆ, ಮೊಬೈಲಿಗೆ ಸಿಗುವ ಸುಳಿವು ಕಡಿಮೆಯಾಗುತ್ತದೆ. ಬೇಕಾದರೆ ನೋಡಿ: ಬೆಳೆದ ಉಗುರಿನ ತುದಿಯಿಂದ ಪರದೆ ಮುಟ್ಟಿ, ಆಮೇಲೆ ಬೆರಳಿನ ಮೆತ್ತನೆಯ ಭಾಗದಿಂದ ಮುಟ್ಟಿ. ವ್ಯತ್ಯಾಸ ತಿಳಿಯುತ್ತದೆ.

ಏನೂ ಆಗಲಿಲ್ಲವೆಂದು ಆಯಿ ಗಟ್ಟಿಯಾಗಿ ಒತ್ತುತ್ತಾಳೆ. ಗಟ್ಟಿಯಾಗಿ ಒತ್ತುವವರು ಹೆಚ್ಚು ಹೊತ್ತೂ ಒತ್ತುತ್ತಾರೆ. ಬೆರಳು ಸುಮಾರು ಅರ್ಧ ಸೆಕೆಂಡ್ ನಿಂತರೆ ಮೊಬೈಲ್ ಅದನ್ನು "ಒತ್ತಿ ಹಿಡಿದದ್ದು" ಎಂದು ಲೆಕ್ಕ ಹಾಕಿ ಬೇರೆಯೇ ಕೆಲಸ ಮಾಡುತ್ತದೆ. ಆಯಿಗೆ ಕಾಣುವುದೇನು? ಒಂದೇ ಜಾಗ ಒತ್ತಿದರೂ ಒಮ್ಮೆ ಒಂದಾಗುತ್ತದೆ, ಇನ್ನೊಮ್ಮೆ ಇನ್ನೊಂದಾಗುತ್ತದೆ. ಹೀಗೆ ಮಾಡುವ ಯಂತ್ರದ ಮೇಲೆ ಯಾರಿಗೆ ತಾನೇ ಭರವಸೆ ಬಂದೀತು!

ಇನ್ನು ಕಣ್ಣು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕೇ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎಂಬ ಹೆಸರು. ಇದು ನಿಮಗೆ ಗೊತ್ತು. ಗೊತ್ತಿರದ ಇನ್ನೊಂದು ಸಂಗತಿ: ಪಾಪೆ ಕಿರಿದಾಗುವುದರಿಂದ ಮತ್ತು ಮಸೂರ ಹಳದಿಗಟ್ಟುವುದರಿಂದ, ಅರವತ್ತರವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರರಲ್ಲಿ ಒಂದು ಭಾಗ ಮಾತ್ರ. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಹಾಕುವ ಆ್ಯಪ್‌ಗಳನ್ನು ಮಾಡುವವರೆಲ್ಲ ಇಪ್ಪತ್ತೈದರ ಒಳಗಿನವರೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ತಲೆಗೆ ಬರೋಣ. ಮುಪ್ಪಿನಲ್ಲಿ ಮಿದುಳಿನ ಕೋಶಗಳೆಲ್ಲ ಸತ್ತುಹೋಗುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಡೆನ್ಮಾರ್ಕಿನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಎಣಿಕೆಯ ಪ್ರಕಾರ, ಇಪ್ಪತ್ತರಿಂದ ತೊಂಬತ್ತನೇ ವಯಸ್ಸಿನವರೆಗೆ ಮಿದುಳಿನ ಹೊರಪದರದಲ್ಲಿ ಕಡಿಮೆಯಾಗುವ ನರಕೋಶಗಳು ನೂರಕ್ಕೆ ಹತ್ತರಷ್ಟು. ಉಳಿದ ತೊಂಬತ್ತು ಅಲ್ಲೇ ಇರುತ್ತವೆ.

ನಿಜವಾಗಿ ಕಡಿಮೆಯಾಗುವುದು ವೇಗ. ನರತಂತುಗಳ ಸುತ್ತಲಿನ ಮಯಲಿನ್ ಹೊದಿಕೆ ಸವೆಯುತ್ತಾ ಹೋದಂತೆ ಸಂದೇಶ ಸಾಗುವುದು ನಿಧಾನವಾಗುತ್ತದೆ. ಅದರ ಜೊತೆಗೆ ಕಾರ್ಯಸ್ಮೃತಿ, ಅಂದರೆ ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ನೆನಪು. ನಿಮ್ಮ ವಯಸ್ಸಿನವರಿಗೂ ಅದರಲ್ಲಿ ಒಮ್ಮೆಗೆ ನಾಲ್ಕೈದು ಸಂಗತಿ ಹಿಡಿದರೆ ಹೆಚ್ಚು. "ಇಲ್ಲಿ ಒತ್ತು, ಮ್ಯಾಲ ಸರಿಸು, ಹಸಿರು ಗುರುತು ನೋಡು, ಹೆಸರು ಹುಡುಕು, ಕ್ಯಾಮೆರಾ ಒತ್ತು" ಎಂದು ನೀವು ಒಂದೇ ಉಸಿರಿಗೆ ಹೇಳಿದರೆ, ಮೂರನೆಯದು ಅರ್ಥವಾಗುವ ಹೊತ್ತಿಗೆ ಮೊದಲನೆಯದು ಜಾರಿ ಹೋಗಿರುತ್ತದೆ. ಅದು ಆಯಿಗೆ ತಿಳಿಯಲಿಲ್ಲ ಎಂದಲ್ಲ, ನೀವು ಓಡಿದಿರಿ.

ಬುದ್ಧಿಯಲ್ಲಿ ಎರಡು ಬಗೆ ಎಂದು ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ಹೇಳಿದರು. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವುದು ಒಂದು, ಕಲಿತದ್ದನ್ನು ಕೂಡಿಟ್ಟು ಬಳಸುವುದು ಇನ್ನೊಂದು. ಮೊದಲನೆಯದು ಯೌವನದಲ್ಲೇ ತುದಿ ಮುಟ್ಟಿ ನಿಧಾನವಾಗಿ ಇಳಿಯುತ್ತದೆ. ಎರಡನೆಯದು ಅರವತ್ತರ ಆಚೆಗೂ ಗಟ್ಟಿಯಾಗಿ ಉಳಿಯುತ್ತದೆ. ಶಬ್ದ ಭಂಡಾರವಂತೂ ಬೆಳೆಯುತ್ತಲೇ ಇರುತ್ತದೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ನೆರೆಮನೆಯವರ ಜೊತೆ ಹಿಂದಿಯೋ ತೆಲುಗೋ ಆಡುವ ನಮ್ಮ ಕಡೆಯ ಹಿರಿಯರ ಮಿದುಳನ್ನು "ಕಲಿಯಲಾರದ್ದು" ಎಂದು ಯಾವ ಮುಖದಿಂದ ಹೇಳುವುದು?

ಹಾಗಾದರೆ ಹಳೆಯದು ಅಷ್ಟು ಗಟ್ಟಿಯಿದ್ದೂ ಹೊಸದು ಯಾಕೆ ಕಷ್ಟ? ಹಳೆಯದು ಗಟ್ಟಿಯಿರುವುದೇ ಒಂದು ಕಾರಣ. ಇದನ್ನು ನೀವೇ ಅನುಭವಿಸಿ ನೋಡಬಹುದು. ಹಾಳೆಯ ಮೇಲೆ ಐದು ಮೂಲೆಯ ನಕ್ಷತ್ರ ಬಿಡಿಸಿ, ಅದರ ಒಳಗೆ ಅರ್ಧ ಸೆಂಟಿಮೀಟರ್ ಬಿಟ್ಟು ಇನ್ನೊಂದು ನಕ್ಷತ್ರ ಬಿಡಿಸಿ. ಹಾಳೆಯ ಎದುರಿಗೆ ಕನ್ನಡಿ ನಿಲ್ಲಿಸಿ. ಕೈ ನೇರವಾಗಿ ಕಾಣದಂತೆ ನಡುವೆ ಒಂದು ಪುಸ್ತಕ ಅಡ್ಡ ಹಿಡಿಯಲು ಗೆಳೆಯನಿಗೆ ಹೇಳಿ. ಈಗ ಕನ್ನಡಿಯನ್ನು ಮಾತ್ರ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ. ಮೂಲೆಗೆ ಬಂದೊಡನೆ ಕೈ ಹಟ ಹಿಡಿಯುತ್ತದೆ. ನೀವು ಹೀಗೆ ಎನ್ನುತ್ತೀರಿ, ಅದು ಹಾಗೆ ಹೋಗುತ್ತದೆ. ನೀವು ದಡ್ಡರಾದಿರಾ? ಇಲ್ಲ. ಕಣ್ಣು ಕೈಗಳ ಹಳೆಯ ರೂಢಿ ಹೊಸದಕ್ಕೆ ದಾರಿ ಬಿಡುತ್ತಿಲ್ಲ. ಇಡೀ ಜೀವನ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ, ದಾರ ಜಗ್ಗಿ ಕೆಲಸ ಮಾಡಿದ ಕೈಗೆ ನುಣ್ಣನೆಯ ಗಾಜೂ ಹೀಗೇ. ಗುಂಡಿ ಒಳಗೆ ಹೋಯಿತೋ ಇಲ್ಲವೋ ಎಂದು ಅದು ಹುಡುಕುತ್ತಿರುತ್ತದೆ, ಗಾಜು ಏನೂ ಹೇಳುವುದಿಲ್ಲ.

ಇದೇ ನಕ್ಷತ್ರದ ಪ್ರಯೋಗವನ್ನು ಕೆನಡಾದ ಬ್ರೆಂಡಾ ಮಿಲ್ನರ್ ಅವರು ಹೆನ್ರಿ ಮೊಲೈಸನ್ ಎಂಬವರ ಮೇಲೆ ಮಾಡಿದ್ದರು. 1953ರಲ್ಲಿ ಮೂರ್ಛೆರೋಗಕ್ಕಾಗಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಹೆಚ್ಚಿನಂಶವನ್ನು ತೆಗೆದಿದ್ದರಿಂದ ಅವರಿಗೆ ಹೊಸದೇನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆದರೂ ದಿನದಿನಕ್ಕೆ ಅವರ ನಕ್ಷತ್ರ ಸುಧಾರಿಸಿತು. "ಇದನ್ನು ಹಿಂದೆಂದೂ ಮಾಡಿಲ್ಲ" ಎಂದೇ ಅವರು ತಿಳಿದಿದ್ದರು, ಆದರೆ ಕೈ ಕಲಿತಿತ್ತು! ಕೌಶಲದ ನೆನಪಿಗೆ ಮಿದುಳಿನಲ್ಲಿ ಬೇರೆ ದಾರಿ ಇದೆ, ಅದು ಕೇಳಿದ್ದರಿಂದ ತುಂಬುವುದಿಲ್ಲ, ಮಾಡಿದ್ದರಿಂದ ತುಂಬುತ್ತದೆ. ನೀವು ಮೊಬೈಲ್ ಕಸಿದುಕೊಂಡು ಮಾಡಿ ತೋರಿಸಿದಾಗ ಕಲಿತದ್ದು ನಿಮ್ಮ ಕೈ.

ವಯಸ್ಸಾದ ಮಿದುಳು ಬದಲಾಗುತ್ತದೆಯೇ? ಜರ್ಮನಿಯ ಸಂಶೋಧಕರು ಸುಮಾರು ಅರವತ್ತರ ಆಸುಪಾಸಿನವರಿಗೆ ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನು ಮೂರು ತಿಂಗಳು ಕಲಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಯುವಕರಷ್ಟು ಮಂದಿಗೆ ಅದು ಬರಲಿಲ್ಲ. ಆದರೆ ಕಲಿತವರ ಮಿದುಳಿನ ಕೆಲವು ಭಾಗಗಳಲ್ಲಿ ಬೂದು ದ್ರವ್ಯ ಹೆಚ್ಚಿತ್ತು. ಆಟ ಬಿಟ್ಟ ಮೇಲೆ ಮತ್ತೆ ಇಳಿಯಿತು. ಅಮೆರಿಕದ ಡೆನಿಸ್ ಪಾರ್ಕ್ ಅವರ ತಂಡ 60ರಿಂದ 90 ವರ್ಷದವರಿಗೆ ಡಿಜಿಟಲ್ ಫೋಟೋಗ್ರಫಿಯನ್ನೂ, ಬಟ್ಟೆ ತುಂಡು ಜೋಡಿಸಿ ಹೊಲಿಯುವ ಹೊದಿಕೆಯನ್ನೂ (ನಮ್ಮ ಕೌದಿಯ ಬಳಗದ್ದೇ) ಮೂರು ತಿಂಗಳು ಕಲಿಸಿತು. ವಾರಕ್ಕೆ ಸುಮಾರು 15 ಗಂಟೆ. ಬರೀ ಕೂಡಿ ಹರಟೆ ಹೊಡೆದವರಿಗಿಂತ ಕಲಿತವರ, ಅದರಲ್ಲೂ ಫೋಟೋಗ್ರಫಿ ಕಲಿತವರ, ನೆನಪಿನ ಶಕ್ತಿ ಸುಧಾರಿಸಿತ್ತು.

ದೂರ ಹೋಗುವುದೇ ಬೇಡ. ನಮ್ಮದೇ ರಾಜ್ಯದ ಠಾಣೆ ಜಿಲ್ಲೆಯ ಮುರಬಾಡ ತಾಲೂಕಿನ ಫಾಂಗಣೆ ಹಳ್ಳಿಯಲ್ಲಿ ಯೋಗೇಂದ್ರ ಬಾಂಗರ್ ಎಂಬ ಶಿಕ್ಷಕರು 8 ಮಾರ್ಚ್ 2016ರಂದು 'ಆಜೀಬಾಯಿಚೀ ಶಾಳಾ' ಶುರು ಮಾಡಿದರು. ಅರವತ್ತು ದಾಟಿದ ಅಜ್ಜಿಯರು ಗುಲಾಬಿ ಸೀರೆಯುಟ್ಟು ಪಾಟಿ ಹಿಡಿದು ಬರುತ್ತಾರೆ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಸಾಕ್ಷರತೆ ಪರೀಕ್ಷೆ ಬರೆದು 100ಕ್ಕೆ 98 ಅಂಕ ಪಡೆದರು. ಆಮೇಲೆ ಕಂಪ್ಯೂಟರ್ ಕಲಿಯಬೇಕೆಂದರು! ರಾಜ್ಯದ ಶಿಕ್ಷಣ ಮಂತ್ರಿ ಅವರಿಗೆ ಲ್ಯಾಪ್‌ಟಾಪ್ ಕೊಟ್ಟರು. ಕೇಂದ್ರ ಸರ್ಕಾರದ 'ಉಲ್ಲಾಸ್' ಕಾರ್ಯಕ್ರಮದಲ್ಲಿ (2022ರಿಂದ 2027) 15 ವರ್ಷ ಮೇಲ್ಪಟ್ಟವರಿಗೆ ಓದು ಬರಹದ ಜೊತೆ ಡಿಜಿಟಲ್ ತಿಳಿವಳಿಕೆಯೂ ಸೇರಿದೆ.

ಇದೆಲ್ಲ ವಿಡಿಯೋ ಕಾಲಿನ ಮಾತಷ್ಟೇ ಅಲ್ಲ. ಪಿಂಚಣಿದಾರರು ಬದುಕಿದ್ದೇವೆಂದು ತೋರಿಸುವ 'ಜೀವನ ಪ್ರಮಾಣ' 2014ರಿಂದ ಡಿಜಿಟಲ್ ಆಗಿದೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಬೇಕು. ಬೀಡಿ ಕಟ್ಟಿ ಕಟ್ಟಿ ಗೆರೆ ಸವೆದ ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. 2016ರಲ್ಲಿ ಬಂದ ಯುಪಿಐನಲ್ಲಿ ಕಿರಾಣಿ ಅಂಗಡಿಯವರೆಗೂ ಹಣ ಓಡಾಡುತ್ತಿದೆ. ಎಲ್ಲವನ್ನೂ ಮೊಮ್ಮಕ್ಕಳ ಕೈಯಿಂದ ಮಾಡಿಸುವ ಮುತ್ಯಾ, ನೀವು ಶಾಲೆಯಲ್ಲಿದ್ದಾಗ ಬರುವ ಮೋಸದ ಫೋನಿಗೆ ಒಬ್ಬನೇ ಉತ್ತರ ಕೊಡಬೇಕಾಗುತ್ತದೆ. ಹಣ ಬರಬೇಕಾದರೆ ಪಿನ್ ಹಾಕಬೇಕಿಲ್ಲ, ಹಣ ಹೋಗಬೇಕಾದರೆ ಮಾತ್ರ ಪಿನ್ ಬೇಕು. ಇದೊಂದು ವಾಕ್ಯ ಅವರಿಗೆ ಗಟ್ಟಿಯಾಗಲಿ. ಮೋಸವಾದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು ಎಂಬುದೂ ತಿಳಿದಿರಲಿ.

ಹಾಗಾದರೆ ಕಲಿಸುವುದು ಹೇಗೆ? ಮೊದಲು ಸೆಟ್ಟಿಂಗ್‌ಗೆ ಹೋಗಿ ಭಾಷೆ ಬದಲಿಸಿ. ಓದು ಬಲ್ಲವರಿಗೆ ಕನ್ನಡ, ಮರಾಠಿ ಶಾಲೆಯಲ್ಲಿ ಕಲಿತವರಿಗೆ ಮರಾಠಿ. ಅಕ್ಷರ ದೊಡ್ಡದು ಮಾಡಿ, ಬೆಳಕು ಹೆಚ್ಚಿಸಿ. ಆಂಡ್ರಾಯ್ಡ್ ಮೊಬೈಲಿನ ಆಕ್ಸೆಸಿಬಿಲಿಟಿ ಭಾಗದಲ್ಲಿ, ಎಷ್ಟು ಹೊತ್ತು ಒತ್ತಿದರೆ "ಒತ್ತಿ ಹಿಡಿದದ್ದು" ಎಂದು ಎಣಿಸಬೇಕು ಎಂಬ ಆಯ್ಕೆ ಇದೆ. ಅದನ್ನು ಉದ್ದದ್ದಕ್ಕೆ ಇಡಿ. ಬೆರಳು ತೀರ ಒಣಗಿದ್ದರೆ ತುಸು ತೇವ ಮಾಡಿಕೊಳ್ಳಲಿ. ಮೊಬೈಲ್ ಅವರ ಕೈಯಲ್ಲೇ ಇರಲಿ, ನಿಮ್ಮ ಕೈ ಹಿಂದೆ ಇರಲಿ. ದಿನಕ್ಕೆ ಒಂದೇ ಕೆಲಸ ಸಾಕು. ಇವತ್ತು ಕಲಿತದ್ದನ್ನು ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಮಾಡಿಸಿ. ಬಿಟ್ಟು ಬಿಟ್ಟು ಮಾಡಿದ ಅಭ್ಯಾಸ ಉಳಿಯುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ. ನಿಮ್ಮ ಪರೀಕ್ಷೆಗೂ ಇದೇ ಲೆಕ್ಕ.

ಒಂದು ಎಚ್ಚರ. ಹೊಸ ಆ್ಯಪ್ ಮರೆಯುವುದು ಬೇರೆ, ದಿನಾ ನಡೆವ ಓಣಿಯ ದಾರಿಯನ್ನೋ ಮನೆಯವರ ಹೆಸರನ್ನೋ ಮರೆಯುವುದು ಬೇರೆ. ಎರಡನೆಯದು ಕಂಡರೆ ಡಾಕ್ಟರಿಗೆ ತೋರಿಸಿ.

ಮೊದಲ ಪಾಠ ವಿಡಿಯೋ ಕಾಲ್ ಆಗಬಾರದು ಎನ್ನುವುದು ನನ್ನ ಅಭಿಪ್ರಾಯ. ಹಿರಿಯರ ದೊಡ್ಡ ಅಂಜಿಕೆ "ಏನರೆ ಕೆಡತದ" ಎನ್ನುವುದು. ಆದ್ದರಿಂದ ಹಿಂದಕ್ಕೆ ಬರುವ ಗುರುತು ಯಾವುದು, ಮೊದಲಿನ ಪರದೆಗೆ ಹೇಗೆ ಮರಳುವುದು, ಇವೆರಡನ್ನೇ ಕಲಿಸಿ. ಬೇಕಂತಲೇ ಎಲ್ಲೆಲ್ಲೋ ಒತ್ತಲು ಹೇಳಿ, ತಾವೇ ಹೊರಗೆ ಬರಲಿ. ಹತ್ತು ಸಲ ಹೀಗೆ ಹೋಗಿ ಬಂದ ಮೇಲೆ, ಮರುದಿನ ಮಗಳ ನಂಬರಿಗೆ ಹೋಗಬಹುದು.