ತಂತಿಗೆ ಜ್ವರ, ಬ್ಯಾಟರಿಗೆ ಬರೆ!

ಪರೀಕ್ಷೆಯ ದಿನ ಬೆಳಿಗ್ಗೆ. ಮಗಳು ಹಾಲ್ ಟಿಕೆಟ್ ಹಿಡಿದು ಕಾರಿನಲ್ಲಿ ಕುಳಿತಿದ್ದಾಳೆ. ಅಪ್ಪ ಕೀಲಿ ತಿರುಗಿಸಿದರೆ ಬರುವುದು 'ಟಕ್' ಎಂಬ ಒಂದೇ ಶಬ್ದ. ಹೆಡ್‌ಲೈಟ್ ಹಾಕಿ ನೋಡಿದರೆ ಚೆನ್ನಾಗಿಯೇ ಉರಿಯುತ್ತದೆ. ಎಂಜಿನ್ ಮಾತ್ರ ಅಲುಗುವುದಿಲ್ಲ. ಮಗಳನ್ನು ಆಟೋದಲ್ಲಿ ಕಳಿಸಿದ್ದಾಯಿತು. ಪಕ್ಕದ ಮನೆಯವರು 'ಬ್ಯಾಟರಿ ಹೋಗಿದೆ' ಎಂದರು, ಎದುರು ಮನೆಯವರು 'ಸ್ಟಾರ್ಟರ್ ಸುಟ್ಟಿದೆ' ಎಂದರು. ಸಂಜೆಯೊಳಗೆ ಸಾವಿರಾರು ರೂಪಾಯಿಯ ಹೊಸ ಬ್ಯಾಟರಿ ಬಂತು, ಕಾರು ಸ್ಟಾರ್ಟ್ ಆಯಿತು, ಎಲ್ಲರಿಗೂ ಸಮಾಧಾನ. ಆದರೆ ಕೆಟ್ಟಿದ್ದದ್ದು ನಿಜಕ್ಕೂ ಬ್ಯಾಟರಿಯೇ? ಹೊಸದನ್ನು ಕೂರಿಸುವಾಗ ತಂತಿಯ ತುದಿಯನ್ನು ಉಜ್ಜಿ ಬಿಗಿ ಮಾಡಿದರಲ್ಲ, ಅದೇ ಔಷಧಿಯಾಗಿರಬಹುದಲ್ಲವೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿ ಹಳೆಯದು. ಕಾರು ರಿಪೇರಿಯಲ್ಲಿ ಈ ಗಾದೆ ದಿನವೂ ನಿಜವಾಗುತ್ತದೆ. ಕಾರಣವಿಷ್ಟೆ: ನಮಗೆ ಕಾಣುವುದು ರೋಗದ ಲಕ್ಷಣ, ರೋಗದ ಮೂಲವಲ್ಲ. ಇವೆರಡರ ನಡುವಿನ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಪರೀಕ್ಷಿಸುತ್ತ ಹೋಗುವುದೇ ದೋಷ ಪತ್ತೆ. ಅದಕ್ಕೆ ಬೇಕಾದ ವಿಜ್ಞಾನ ಬಹುಪಾಲು ಹೈಸ್ಕೂಲಿನ ಪಠ್ಯದಲ್ಲೇ ಇದೆ.

ಬಾನೆಟ್ಟಿನ ಕೆಳಗೆ ಓಮ್ ನಿಯಮ

ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುತ್ತಾರೆ: ವಿದ್ಯುತ್ ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜ್. ಇದನ್ನು ಮೇಲಿನ ಕಾರಿಗೆ ಹಚ್ಚಿ ನೋಡೋಣ.

ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿಯಂತೆ ಕಿಲುಬು ಕೂರುವುದನ್ನು ನೀವು ನೋಡಿರಬಹುದು. ಅದು ಒಡ್ಡುವ ರೋಧ ಬರೀ 0.05 ಓಮ್ ಎಂದಿಟ್ಟುಕೊಳ್ಳಿ. 60 ವಾಟ್‌ನ ಒಂದು ಹೆಡ್‌ಲೈಟ್ ಬಲ್ಬಿಗೆ ಬೇಕಾದ ಪ್ರವಾಹ 5 ಆಂಪಿಯರ್. ಕಿಲುಬಿನಲ್ಲಿ ನಷ್ಟವಾಗುವುದು 0.25 ವೋಲ್ಟ್, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಎಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು ಸಣ್ಣ ಕಾರಿನಲ್ಲೂ ಸುಮಾರು 100 ಆಂಪಿಯರ್ ಕೇಳುತ್ತದೆ. ಅಷ್ಟು ಪ್ರವಾಹ ಹರಿಯಬೇಕಾದರೆ ಅದೇ ಕಿಲುಬು 5 ವೋಲ್ಟ್ ನುಂಗಿಬಿಡುತ್ತದೆ. 12ರಲ್ಲಿ 5 ಹೋದರೆ ಉಳಿಯುವುದು 7. ಅದರಿಂದ ಮೋಟಾರು ತಿರುಗೀತೆ? ದೀಪ ಉರಿದು ಎಂಜಿನ್ ತಿರುಗದಿರುವ ರಹಸ್ಯಗಳಲ್ಲಿ ಇದೂ ಒಂದು.

ಹಾಗಾದರೆ ತಪ್ಪು ಬ್ಯಾಟರಿಯದೋ ತಂತಿಯದೋ ಎಂದು ತಿಳಿಯುವುದು ಹೇಗೆ? ಇದಕ್ಕೆ ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆದರೆ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಏರಬೇಕು, ಏರದಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಅದರ ತಂತಿಗಳ ಕಡೆ ನೋಡಬೇಕು. ಮೂರನೆಯ ಪರೀಕ್ಷೆಯೇ ಮುಖ್ಯ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೂ ಇನ್ನೊಂದನ್ನು ಅದಕ್ಕೇ ಬಿಗಿದ ಕ್ಲಾಂಪಿಗೂ ಮುಟ್ಟಿಸಿ, ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಬ್ಬರಿಂದ ಕೀಲಿ ತಿರುಗಿಸಿರಿ. ಅಲ್ಲಿ ಸೊನ್ನೆಗೆ ಹತ್ತಿರದ ಅಂಕಿ ಬರಬೇಕು. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ! ಅವನನ್ನು ಓಡಿಸಲು ಬಿಸಿನೀರು, ಸೋಡಾಪುಡಿ, ಒಂದು ಹಳೆಯ ಬ್ರಷ್ ಸಾಕು.

ಒಂದೇ ಮೂಲ, ಎರಡು ಕಾಯಿಲೆ

ಡಿಕ್ಕಿಯ ಬಾಗಿಲು ಹಿಂದಿನ ಗಾಜಿನ ಸಮೇತ ಮೇಲಕ್ಕೆ ತೆರೆದುಕೊಳ್ಳುವುದೇ ಹ್ಯಾಚ್‌ಬ್ಯಾಕ್ ಕಾರಿನ ಗುರುತು. ಆ ಬಾಗಿಲಿನಲ್ಲಿರುವ ವೈಪರ್, ನಂಬರ್ ಪ್ಲೇಟ್ ದೀಪ, ಬೀಗಗಳಿಗೆಲ್ಲ ತಂತಿಗಳು ಹೋಗುವುದು ಕೀಲಿನ ಪಕ್ಕದ ರಬ್ಬರ್ ಕೊಳವೆಯೊಳಗಿಂದ. ಬಾಗಿಲು ತೆರೆದು ಮುಚ್ಚಿದ ಹಾಗೆಲ್ಲ ತಂತಿಗಳು ಮಡಚಿಕೊಳ್ಳುತ್ತವೆ. ವರ್ಷಗಳು ಕಳೆದಂತೆ ಒಳಗಿನ ತಾಮ್ರ ಮುರಿಯುತ್ತದೆ. ಹಿಂದಿನ ವೈಪರ್, ನಂಬರ್ ಪ್ಲೇಟ್ ದೀಪ ಎರಡೂ ಒಟ್ಟಿಗೆ ಕೆಟ್ಟರೆ ವೈಪರ್ ಮೋಟಾರನ್ನೂ ಬಲ್ಬನ್ನೂ ಬದಲಿಸಲು ಹೊರಡುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಇವೆರಡಕ್ಕೂ ಸಮಾನವಾದದ್ದು ಯಾವುದು? ಫ್ಯೂಸೇ, ಅರ್ಥ್ ತಂತಿಯೇ, ಕೀಲಿನ ಬಳಿಯ ಕೊಳವೆಯೇ? ಬಾಗಿಲನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದಾಗ ದೀಪ ಮಿಣುಕಿದರೆ ಉತ್ತರ ತಾನಾಗಿ ಸಿಕ್ಕಿತು.

ಕಾರು ಬಿಸಿಯಾಗುವ ತೊಂದರೆಯಲ್ಲೂ ಇದೇ ತರ್ಕ. ಊರೊಳಗಿನ ಟ್ರಾಫಿಕ್‌ನಲ್ಲಿ ಕಾವು ಏರಿ, ಹೆದ್ದಾರಿಯಲ್ಲಿ ಓಡುವಾಗ ಇಳಿಯುತ್ತಿದ್ದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನಿನ ಮೇಲೆ. ಏಕೆಂದರೆ ಓಡುವ ಕಾರಿಗೆ ಎದುರು ಗಾಳಿಯೇ ಫ್ಯಾನು. ನಿಂತ ಕಾರಿಗೆ ಅದಿಲ್ಲ. ಹಾಗಿದ್ದರೂ ಫ್ಯಾನಿನ ಮೋಟಾರನ್ನು ತಕ್ಷಣ ಬದಲಿಸಬೇಕಾಗಿಲ್ಲ. ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟಾಗ ಅದು ತಿರುಗಿದರೆ ಮೋಟಾರು ನಿರಪರಾಧಿ. ತಪ್ಪು ಫ್ಯೂಸ್, ರಿಲೇ ಅಥವಾ ಕಾವು ಅರಿಯುವ ಸ್ವಿಚ್ಚಿನದು. ಹೆದ್ದಾರಿಯಲ್ಲೂ ಕಾವು ಏರುತ್ತಿದ್ದರೆ ಕೂಲೆಂಟ್ ಸೋರಿಕೆ, ಥರ್ಮೋಸ್ಟಾಟ್, ನೀರಿನ ಪಂಪು, ಕಟ್ಟಿಕೊಂಡ ರೇಡಿಯೇಟರ್ ಕಡೆ ತಿರುಗಬೇಕು.

ಕಿವಿಯೂ ಒಂದು ಉಪಕರಣ

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯುವವರೆಗೆ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಅಂಬಾಸಿಡರ್, ಪದ್ಮಿನಿಗಳಲ್ಲಿ ಎಂಜಿನ್ ಮುಂದಿದ್ದರೂ ಕಾರನ್ನು ತಳ್ಳುತ್ತಿದ್ದುದು ಹಿಂದಿನ ಚಕ್ರಗಳು. 796 ಸಿಸಿಯ, ಮೂರು ಸಿಲಿಂಡರಿನ ಎಂಜಿನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸುವ ಏರ್ಪಾಡು ಈ ಪುಟ್ಟ ಕಾರಿನದಾಗಿತ್ತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಆ ಏರ್ಪಾಡು ಇಂದಿನ ಹ್ಯಾಚ್‌ಬ್ಯಾಕ್‌ಗಳಲ್ಲೂ ಮುಂದುವರಿದಿದೆ.

ಮುಂದಿನ ಚಕ್ರ ತಿರುಗಲೂಬೇಕು, ಅತ್ತಿತ್ತ ಹೊರಳಲೂಬೇಕು. ಎರಡನ್ನೂ ಸಾಧಿಸುವುದು ಡ್ರೈವ್ ಶಾಫ್ಟಿನ ತುದಿಯ ಸಿವಿ ಜಾಯಿಂಟ್. ಅದರೊಳಗಿನ ಗ್ರೀಸನ್ನು ಒಂದು ರಬ್ಬರ್ ಬೂಟು ಕಾಪಾಡುತ್ತದೆ. ಬೂಟು ಹರಿದರೆ ಗ್ರೀಸ್ ಚೆಲ್ಲಿ, ಮಣ್ಣು ನುಗ್ಗಿ, ಜಾಯಿಂಟ್ ಸವೆಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ 'ಕಟ ಕಟ' ಎಂಬ ಸದ್ದು ಬಂದರೆ ಅದರ ಕೂಗು ಎನ್ನಿ. ಹರಿದ ಬೂಟನ್ನು ಮೊದಲೇ ಕಂಡು ಬದಲಿಸಿದವರಿಗೆ ಖರ್ಚು ಕಡಿಮೆ. ಸದ್ದು ಬಂದ ಮೇಲೆ ಎಚ್ಚೆತ್ತವರಿಗೆ ಹೆಚ್ಚು.

ವೇಗ ಹೆಚ್ಚಿದಂತೆ ಏರುವ, ತಿರುವಿನಲ್ಲಿ ದನಿ ಬದಲಿಸುವ 'ಗೊಯ್' ಎಂಬ ಸದ್ದು ಚಕ್ರದ ಬೇರಿಂಗಿನದಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿದರೂ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಒತ್ತಿದಾಗ ಲೋಹ ಲೋಹಕ್ಕೆ ಉಜ್ಜಿದ ಸದ್ದು ಬಂದರೆ ಕಾರನ್ನು ಮುಂದೆ ಓಡಿಸಲೇಬಾರದು. ಸದ್ದು ಯಾವಾಗ, ಯಾವ ಕಡೆಯಿಂದ, ಯಾವ ವೇಗದಲ್ಲಿ ಬರುತ್ತದೆ ಎಂದು ಮಕ್ಕಳಿಂದ ಒಂದು ಚೀಟಿಯಲ್ಲಿ ಬರೆಸಿ ಮೆಕ್ಯಾನಿಕ್‌ಗೆ ಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.

ಕಂಪ್ಯೂಟರ್ ಹೇಳಿತೆಂದು...

ಈಗಿನ ಕಾರುಗಳಲ್ಲಿ ಎಂಜಿನ್ನಿನ ಮೇಲೆ ಕಣ್ಣಿಡಲು ಒಂದು ಪುಟ್ಟ ಕಂಪ್ಯೂಟರ್ ಇದೆ. ತಪ್ಪು ಕಂಡೊಡನೆ ಅದು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಸಿ, ಒಂದು ಸಂಕೇತವನ್ನು ನೆನಪಿಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಓಬಿಡಿ ಎಂಬ ಈ ವ್ಯವಸ್ಥೆ ಇಂದು ನಮ್ಮ ಕಾರುಗಳಲ್ಲೂ ಇದೆ. ಸ್ಟೀರಿಂಗ್ ಕೆಳಭಾಗದ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಸಂಕೇತ ಓದಬಹುದು.

ಹಾಗೆಂದು ಕಂಪ್ಯೂಟರ್ ವೈದ್ಯನಲ್ಲ, ಥರ್ಮಾಮೀಟರ್ ಅಷ್ಟೆ. ಪಿ0301 ಎಂಬ ಸಂಕೇತದ ಅರ್ಥ ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದು. ಅದಕ್ಕೆ ಕಾರಣ ಸ್ಪಾರ್ಕ್ ಪ್ಲಗ್ಗೇ, ಕಾಯಿಲ್ಲೇ, ಇಂಜೆಕ್ಟರೇ, ಒಳಗಿನ ಒತ್ತಡ ಸೋರುತ್ತಿದೆಯೇ ಎಂದು ಅದು ಹೇಳುವುದಿಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಜಾಣ ಮೆಕ್ಯಾನಿಕ್ ಮಾಡುವುದು ಇಷ್ಟು: ಎಂಜಿನ್ ನಿಲ್ಲಿಸಿ, ಒಂದನೆಯ ಮತ್ತು ಎರಡನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಹಳೆಯ ಸಂಕೇತ ಅಳಿಸಿ, ಕಾರು ಓಡಿಸಿ ನೋಡುತ್ತಾರೆ. ಸಂಕೇತ ಪಿ0302 ಎಂದು ಬದಲಾದರೆ ರೋಗ ಕಾಯಿಲ್ ಜೊತೆಯಲ್ಲೇ ಹೋಯಿತು, ಕಾಯಿಲ್ ಕೆಟ್ಟಿದೆ. ಪಿ0301 ಎಂದೇ ಉಳಿದರೆ ಕಾಯಿಲ್ ಮೇಲಿನ ಅನುಮಾನ ಬಿಟ್ಟು ಮುಂದಿನದನ್ನು ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸು, ಉಳಿದುದನ್ನು ಹಾಗೇ ಬಿಡು. ಪ್ರಯೋಗಾಲಯದಲ್ಲಿ ಮೇಷ್ಟ್ರು ಹೇಳಿಕೊಡುವುದೂ ಇದನ್ನೇ ಅಲ್ಲವೆ?

ಮಕ್ಕಳ ಕೈಗೆ ಎಷ್ಟು ಕೊಡಬೇಕು?

ನೋಡುವುದು, ಕೇಳುವುದು, ಹಿರಿಯರ ಜೊತೆಯಲ್ಲಿ ಅಳೆಯುವುದು ಮಕ್ಕಳಿಗೆ ಧಾರಾಳವಾಗಿ ಇರಲಿ. ಕೆಲವು ನಿಯಮಗಳನ್ನು ಮಾತ್ರ ಮೀರಬಾರದು. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಒಳಗಿನ ನೀರು ಒತ್ತಡದಲ್ಲಿದ್ದು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುವುದರಿಂದ ಹತ್ತಿರ ಕಿಡಿ, ಬೆಂಕಿ ಕೂಡದು. ತಂತಿ ಬಿಚ್ಚುವಾಗ ಮೊದಲು ಋಣ ತುದಿ, ಜೋಡಿಸುವಾಗ ಕೊನೆಗೆ ಋಣ ತುದಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಯಾರೂ ನುಸುಳಬಾರದು. ಬ್ರೇಕ್, ಏರ್‌ಬ್ಯಾಗ್, ಇಂಧನದ ಕೊಳವೆಗಳು ತರಬೇತಿ ಪಡೆದವರ ಕೆಲಸ.

ಇದರಲ್ಲೇ ಆಸಕ್ತಿ ಮೂಡಿದ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯ ನಂತರ ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ತರಬೇತಿ ಇದೆ, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಆಟೋಮೊಬೈಲ್ ಡಿಪ್ಲೊಮಾ ಇದೆ. 'ಓದು ಹತ್ತದವರು ಗ್ಯಾರೇಜಿಗೆ' ಎಂಬ ಮಾತನ್ನು ತಂದೆತಾಯಿಗಳು ಮರೆಯುವುದು ಒಳ್ಳೆಯದು. ಗ್ರೀಸ್ ಹತ್ತುವುದು ಕೈಗಾದರೂ ಕೆಲಸ ತಲೆಯದು.

ಮುಂದಿನ ಸಲ ಯಾರಾದರೂ 'ಇದನ್ನು ಬದಲಿಸಬೇಕು ಸಾರ್' ಎಂದಾಗ ಜಗಳ ಬೇಡ. 'ಯಾವ ಪರೀಕ್ಷೆ ಮಾಡಿ ಇದೇ ಕೆಟ್ಟಿದೆ ಅಂತ ತಿಳಿದಿರಿ?' ಎಂದು ಮರ್ಯಾದೆಯಿಂದ ಕೇಳಿ. ಒಳ್ಳೆಯ ಮೆಕ್ಯಾನಿಕ್ ಸಂತೋಷದಿಂದ ಮೀಟರ್ ಹಿಡಿದು ತೋರಿಸುತ್ತಾರೆ. ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅಂದಿನ ಭೌತಶಾಸ್ತ್ರದ ಪಾಠಕ್ಕೆ ಬೇರೆ ಫೀಸಿಲ್ಲ.