ಗ್ರಂಥಾಲಯವೆಂಬ ಕೆರೆ ಮತ್ತು ಅದರ ತೂಬುಗಳು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೋಡದ ವಿದ್ಯಾರ್ಥಿ ನಮ್ಮ ಕಡೆ ವಿರಳ. ಶಾಂತಿಸಾಗರವೆಂಬ ಹೆಸರೂ ಅದಕ್ಕುಂಟು. ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ಹರಿದ್ರಾ ಹೊಳೆಯ ನೀರನ್ನು ನಿಲ್ಲಿಸಿದ ಹಿಂದಿನವರ ಜಾಣ್ಮೆಯನ್ನು ಕಂಡು ಯಾರಾದರೂ ಬೆರಗಾಗಲೇಬೇಕು. ಆದರೆ ಆ ಕೆರೆಯ ಹಿರಿಮೆಯೆಲ್ಲವೂ ಏರಿಯಲ್ಲಿಯೇ ಇಲ್ಲ. ಸಿದ್ಧ, ಬಸವ ಎಂಬ ಹೆಸರಿನ ಎರಡು ತೂಬುಗಳು ಅದಕ್ಕಿವೆ. ತೂಬಿಲ್ಲದ ಕೆರೆಯಲ್ಲಿ ನೀರು ಎಷ್ಟಿದ್ದರೇನು? ಗದ್ದೆಯ ಪಾಲಿಗೆ ಅದು ಇದ್ದೂ ಇಲ್ಲದಂತೆ; ಬಿಸಿಲಿಗೆ ಆವಿಯಾಗಿ ಹೋಗುವುದೇ ಅದರ ಗತಿ.

ಕಾಲೇಜಿನ ಗ್ರಂಥಾಲಯವನ್ನು ಕುರಿತು ಆಲೋಚಿಸುವಾಗಲೆಲ್ಲ ನಮಗೆ ಈ ಕೆರೆಯ ನೆನಪಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ತಾಲ್ಲೂಕು ಕೇಂದ್ರಗಳಿಗೆ ಸುತ್ತಣ ಹಳ್ಳಿಗಳಿಂದ ಓದಲು ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಮೊದಲು ಹತ್ತಿದವರು. ಮನೆಯಲ್ಲಿ ಪುಸ್ತಕದ ಕಪಾಟಿಲ್ಲ. ಪೇಟೆಯ ಅಂಗಡಿಯಲ್ಲಿ ನೋಟುಪುಸ್ತಕವೂ ಗೈಡೂ ಸಿಕ್ಕುವಷ್ಟು ಸುಲಭವಾಗಿ ಒಳ್ಳೆಯ ವಿಜ್ಞಾನ ಗ್ರಂಥಗಳು ಸಿಕ್ಕುವುದಿಲ್ಲ. ಅಂಥವರಿಗೆ ಕಾಲೇಜಿನ ಗ್ರಂಥಾಲಯವೊಂದೇ ಕೆರೆ. ಹೀಗಿದ್ದರೂ ಬಹುಮಂದಿ ಅದರ ಬಾಗಿಲಿಗೆ ಹೋಗುವುದು ಪರೀಕ್ಷೆ ಹತ್ತಿರವಾದಾಗ, ಒಂದೋ ಎರಡೋ ಪಠ್ಯಪುಸ್ತಕಗಳಿಗಾಗಿ ಮಾತ್ರ. ಇದಕ್ಕೆ ಅವರ ಸೋಮಾರಿತನವೇ ಕಾರಣವೆಂದು ನಾವು ಹೇಳಲಾರೆವು. ತೂಬು ಎಲ್ಲಿದೆ, ಅದನ್ನು ತೆರೆಯುವುದು ಹೇಗೆ ಎಂಬುದನ್ನು ಅವರಿಗೆ ಯಾರೂ ತೋರಿಸಿರುವುದಿಲ್ಲ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಹುಡುಕುವುದರ ಗಣಿತ

ಒಂದು ಗ್ರಂಥಾಲಯದಲ್ಲಿ 16,384 ಪುಸ್ತಕಗಳಿವೆ ಎಂದಿಟ್ಟುಕೊಳ್ಳೋಣ. ಈ ವಿಚಿತ್ರ ಸಂಖ್ಯೆಯನ್ನೇ ಏಕೆ ಆರಿಸಿದೆವೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ತಿಳಿಯುವುದು. ಪುಸ್ತಕಗಳನ್ನು ಯಾವ ಕ್ರಮವೂ ಇಲ್ಲದೆ ಕಪಾಟುಗಳಿಗೆ ತುಂಬಿದ್ದರೆ, ನಮಗೆ ಬೇಕಾದುದು ಮೊದಲನೆಯದಾಗಿಯೂ ಇರಬಹುದು, ಕಟ್ಟಕಡೆಯದಾಗಿಯೂ ಇರಬಹುದು. ಸರಾಸರಿಯಲ್ಲಿ ಅರ್ಧದಷ್ಟು, ಎಂದರೆ ಸುಮಾರು 8,192 ಪುಸ್ತಕಗಳ ಹೆಸರನ್ನು ಓದಬೇಕು. ಒಂದೊಂದಕ್ಕೆ ಎರಡು ಸೆಕೆಂಡು ಹಿಡಿದರೂ ನಾಲ್ಕೂವರೆ ಗಂಟೆಗೆ ಮೀರಿದ ಕೆಲಸವಾಯಿತು. ಅಷ್ಟರಲ್ಲಿ ಹಳ್ಳಿಗೆ ಹೋಗುವ ಸಂಜೆಯ ಬಸ್ಸು ಹೊರಟುಹೋಗಿರುತ್ತದೆ.

ಈಗ ಅವೇ ಪುಸ್ತಕಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದೆವೆನ್ನಿ. ನಟ್ಟನಡುವಿನ ಪುಸ್ತಕದ ಸಂಖ್ಯೆಯನ್ನು ನೋಡಿದರೆ, ನಮ್ಮ ಪುಸ್ತಕ ಅದರ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ಗೊತ್ತಾಗುತ್ತದೆ. ಒಂದೇ ನೋಟದಲ್ಲಿ ಅರ್ಧ ಗ್ರಂಥಾಲಯವನ್ನು ಕೈಬಿಟ್ಟಂತಾಯಿತು, 8,192 ಉಳಿದವು. ಉಳಿದುದರ ನಡುವನ್ನು ನೋಡಿದರೆ 4,096. ಮತ್ತೆ ನೋಡಿದರೆ 2,048. ಹೀಗೆಯೇ ಅರ್ಧಿಸುತ್ತ ಹೋದರೆ ಹದಿನಾಲ್ಕನೆಯ ಸಲಕ್ಕೆ ಒಂದೇ ಪುಸ್ತಕ ಉಳಿಯುತ್ತದೆ. ಏಕೆಂದರೆ 2ನ್ನು 14 ಬಾರಿ ಗುಣಿಸಿದರೆ ಬರುವುದೇ 16,384. ನಾಲ್ಕೂವರೆ ಗಂಟೆಯ ಕೆಲಸ ಅರ್ಧ ನಿಮಿಷಕ್ಕಿಳಿಯಿತು! ಪುಸ್ತಕಗಳು ಇಮ್ಮಡಿಯಾದರೂ ಈ ಕ್ರಮದಲ್ಲಿ ಹೆಚ್ಚುವುದು ಒಂದೇ ಒಂದು ನೋಟ.

ಪುಸ್ತಕದ ಬೆನ್ನಿನ ಮೇಲೆ ಅಂಟಿಸಿರುವ ಸಣ್ಣ ಚೀಟಿಯ ಮಹತ್ತ್ವ ಇದೇ. ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬಾತ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವನ್ನು ನಮ್ಮ ಅನೇಕ ಕಾಲೇಜುಗಳಲ್ಲಿ ಅನುಸರಿಸುವರು. ಅದರಲ್ಲಿ ಸಮಸ್ತ ಜ್ಞಾನವನ್ನೂ ಹತ್ತು ಭಾಗ ಮಾಡಿದೆ. 500ರಿಂದ ಮೊದಲಾಗುವುದು ಶುದ್ಧ ವಿಜ್ಞಾನ, 600ರಿಂದ ಮೊದಲಾಗುವುದು ಅನ್ವಿತ ವಿಜ್ಞಾನ, 800ರದು ಸಾಹಿತ್ಯ. 530 ಎಂದರೆ ಭೌತಶಾಸ್ತ್ರ. ಅದರೊಳಗೆ 534 ಶಬ್ದ, 535 ಬೆಳಕು, 536 ಉಷ್ಣ, 537 ವಿದ್ಯುತ್ತು. ಸಂಖ್ಯೆ ಉದ್ದವಾದಷ್ಟೂ ವಿಷಯ ಸೂಕ್ಷ್ಮವಾಗುತ್ತದೆ. ನಮ್ಮ ಕನ್ನಡ ಸಾಹಿತ್ಯದ ಮನೆಯ ಸಂಖ್ಯೆ 894.814. ಇದನ್ನು ತಿಳಿದ ವಿದ್ಯಾರ್ಥಿಗೆ ಇನ್ನೊಂದು ಲಾಭವೂ ಉಂಟು: ತಾನು ಹುಡುಕಿದ ಪುಸ್ತಕ ಸಿಕ್ಕದಿದ್ದರೂ, ಅದೇ ವಿಷಯದ ಬೇರೆ ಪುಸ್ತಕಗಳು ಅದರ ಅಕ್ಕಪಕ್ಕದಲ್ಲಿಯೇ ಕುಳಿತಿರುತ್ತವೆ.

ಗಣಿತದ ಮೇಷ್ಟರು ಗ್ರಂಥಪಾಲಕರಾದುದು

ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಅಗ್ರಗಣ್ಯರು ನಮ್ಮವರೇ ಆದ ಎಸ್. ಆರ್. ರಂಗನಾಥನ್. ಅವರು ಮೊದಲು ಗಣಿತದ ಅಧ್ಯಾಪಕರು; ಮಂಗಳೂರಿನ ಕಾಲೇಜಿನಲ್ಲಿಯೂ ಕೆಲಕಾಲ ಪಾಠ ಹೇಳಿದವರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, ಆ ಕೆಲಸವನ್ನು ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕಾನೋ ಎಂಬ ಆಟದ ಸಾಮಾನನ್ನು ಅವರು ಕಂಡರು. ಕೆಲವೇ ಬಗೆಯ ಪಟ್ಟಿಗಳನ್ನೂ ತಿರುಪುಗಳನ್ನೂ ಸೇರಿಸಿ ಬೇಕಾದ ಯಂತ್ರದ ಮಾದರಿಯನ್ನು ಕಟ್ಟಬಹುದಾದ ಆಟ ಅದು. ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಕಟ್ಟಬಾರದೇಕೆ ಎಂಬ ಅವರ ಆಲೋಚನೆಯಿಂದ ಹುಟ್ಟಿದುದು, 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ. ಮುಂದೆ ಅವರು ಎಲ್ಲ ವಿಷಯಗಳ ಭಾಗಗಳನ್ನೂ ಐದು ಮೂಲ ವರ್ಗಗಳಲ್ಲಿ ಅಡಗಿಸಿದರು. ಅವುಗಳಲ್ಲಿ ಮೊದಲನೆಯದು ವಿಷಯದ ವ್ಯಕ್ತಿತ್ವ. ಉಳಿದ ನಾಲ್ಕು ದ್ರವ್ಯ, ಶಕ್ತಿ, ದೇಶ ಮತ್ತು ಕಾಲ. ಭೌತಶಾಸ್ತ್ರದ ವಿದ್ಯಾರ್ಥಿಗೆ ಈ ನಾಲ್ಕೂ ಪರಿಚಿತರೇ ಅಲ್ಲವೆ!

ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳು ಜಗತ್ತಿನಲ್ಲೆಲ್ಲ ಮಾನ್ಯವಾಗಿವೆ. ಅವುಗಳ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಪುಸ್ತಕವಿರುವುದು ಬಳಕೆಗೇ ಹೊರತು ಬೀಗ ಹಾಕಿಡುವುದಕ್ಕಲ್ಲ, ಬಂದ ಯಾವ ಓದುಗನೂ ತನಗೆ ತಕ್ಕ ಪುಸ್ತಕವಿಲ್ಲದೆ ಹಿಂದಿರುಗಬಾರದು, ಯಾವ ಪುಸ್ತಕವೂ ಓದುಗನಿಲ್ಲದೆ ಧೂಳು ತಿನ್ನಬಾರದು, ಓದುಗನ ಹೊತ್ತು ಹಾಳಾಗಬಾರದು, ಗ್ರಂಥಾಲಯ ಸದಾ ಬೆಳೆಯುತ್ತಿರುವ ಜೀವಿ. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದುದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ನಿಧನ ಹೊಂದಿದರು. ಅವರ ಜನ್ಮದಿನವೆಂದು ಆಗಸ್ಟ್ 12ರಂದು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವನ್ನು ಆಚರಿಸುವರು.

ಜಗಳೂರಿನ ಕಡೆಯ ಒಂದು ಪ್ರಶ್ನೆ

ಸೂತ್ರಗಳನ್ನು ಕೇಳಿದ್ದಾಯಿತು, ಪ್ರಯೋಗವೊಂದನ್ನು ನೋಡೋಣ. ಜಗಳೂರು ತಾಲ್ಲೂಕಿನ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಗ್ರಂಥಪಾಲಕರ ಮೇಜಿನ ಮುಂದೆ ನಿಂತು, “ಸಾರ್, ನಮ್ಮೂರಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುವುದೇಕೆ? ಅದನ್ನು ಕುರಿತು ಪುಸ್ತಕವಿದೆಯೆ?” ಎಂದು ಕೇಳಿದಳೆನ್ನಿ. ಆ ಹೆಸರಿನ ಪುಸ್ತಕ ಪಟ್ಟಿಯಲ್ಲಿ ಇಲ್ಲದಿರಬಹುದು. ಆದರೆ ಉತ್ತರ ಗ್ರಂಥಾಲಯದಲ್ಲಿ ಇಲ್ಲವೆಂದು ಅದರಿಂದ ಅರ್ಥವಾಗುವುದಿಲ್ಲ. ಅದು ನಾಲ್ಕಾರು ಕಪಾಟುಗಳಲ್ಲಿ ಚದುರಿಹೋಗಿರುತ್ತದೆ.

617.6 ಎಂಬ ಸಂಖ್ಯೆಯಲ್ಲಿ ದಂತವೈದ್ಯದ ಪುಸ್ತಕಗಳಿವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದರೆ, ಹಲ್ಲು ಮೂಡುವ ವಯಸ್ಸಿನ ಮಕ್ಕಳ ದಂತಕವಚ ಕೆಟ್ಟು ಕಲೆಯಾಗುತ್ತದೆ, ಬಹುಕಾಲ ಕುಡಿದರೆ ಮೂಳೆಗಳಿಗೂ ಹಾನಿಯುಂಟು ಎಂಬುದು ಅಲ್ಲಿ ತಿಳಿಯುವುದು. 546ಕ್ಕೆ ಹೋದರೆ ನಿರವಯವ ರಸಾಯನಶಾಸ್ತ್ರ: ಹಲ್ಲಿನ ಖನಿಜದಲ್ಲಿರುವ ಹೈಡ್ರಾಕ್ಸಿಲ್ ಅಯಾನಿನ ಜಾಗವನ್ನು ಫ್ಲೋರೈಡ್ ಅಯಾನು ಆಕ್ರಮಿಸಬಲ್ಲದು. 551.49 ಅಂತರ್ಜಲದ ಮನೆ: ಗ್ರಾನೈಟ್, ನೈಸ್ ಮೊದಲಾದ ಕಲ್ಲುಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ, ನೀರು ಬಹುಕಾಲ ಕಲ್ಲಿನ ಸಂದುಗಳಲ್ಲಿ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ಮಳೆ ಕಡಮೆಯಾದ ಸೀಮೆಯಲ್ಲಿ ಕೊಳವೆಬಾವಿಗಳನ್ನು ಆಳಆಳಕ್ಕೆ ಕೊರೆದಾಗ ಇಂಥ ನೀರು ಮೇಲೆ ಬರುವ ಸಂಭವ ಹೆಚ್ಚು. ಜಗಳೂರಿನ ಕಡೆಯ ಹಳ್ಳಿಗಳ ಬವಣೆ ಇದೇ. ಇನ್ನು 628.1 ನೀರು ಸರಬರಾಯಿಯ ಶಾಸ್ತ್ರ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಮಿನವರೆಗೆ ಸಹ್ಯ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಅದನ್ನು ತೆಗೆಯಲು ಸುಣ್ಣವನ್ನೂ ಪಟಿಕವನ್ನೂ ಬಳಸುವ ನಲ್ಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಸಂಶೋಧನಾಲಯವೊಂದು ರೂಪಿಸಿದೆ.

ನೋಡಿ, ಒಂದು ಪ್ರಶ್ನೆ ವೈದ್ಯ, ರಸಾಯನ, ಭೂವಿಜ್ಞಾನ, ಎಂಜಿನಿಯರಿಂಗುಗಳೆಂಬ ನಾಲ್ಕು ಮನೆಗಳ ಬಾಗಿಲನ್ನು ತಟ್ಟಿತು. ಪುಸ್ತಕಗಳನ್ನು ನಾವು ವಿಷಯವಾರು ಜೋಡಿಸುತ್ತೇವೆ. ಆದರೆ ಬದುಕಿನ ಪ್ರಶ್ನೆಗಳು ವಿಷಯವಾರು ಹುಟ್ಟುವುದಿಲ್ಲ. ಈ ಕಂದಕಕ್ಕೆ ಸೇತುವೆ ಕಟ್ಟುವವರೇ ಗ್ರಂಥಪಾಲಕರು. ಇದಕ್ಕೆ ಪರಾಮರ್ಶನ ಸೇವೆಯೆಂದು ಹೆಸರು. ಗ್ರಂಥಾಲಯದ ಸೇವೆಗಳಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದೂ ವಿದ್ಯಾರ್ಥಿಗಳು ಅತ್ಯಂತ ಕಡಮೆ ಕೇಳುವುದೂ ಇದೇ. “ಈ ಪುಸ್ತಕ ಕೊಡಿ” ಎಂದು ಕೇಳುವವರು ನೂರಾರು ಮಂದಿ. “ನನಗೆ ಇದು ತಿಳಿಯಬೇಕು” ಎಂದು ಕೇಳುವವರು ಕೆಲವರೇ. ಉತ್ತರವನ್ನು ಕೈಯಲ್ಲಿ ಹಿಡಿದು, ತನ್ನ ಊರಿನ ನೀರನ್ನು ಪರೀಕ್ಷೆ ಮಾಡಿಸಿರೆಂದು ಪಂಚಾಯಿತಿಯನ್ನು ಕೇಳಬಲ್ಲ ವಿದ್ಯಾರ್ಥಿನಿ, ಪರೀಕ್ಷೆಯ ಅಂಕಗಳಿಗಿಂತ ದೊಡ್ಡದನ್ನು ಗ್ರಂಥಾಲಯದಿಂದ ಪಡೆದಳೆನ್ನಬೇಕು.

ಗೋಡೆಯಾಚೆಯ ಕಪಾಟುಗಳು

ಸಣ್ಣ ಊರಿನ ಕಾಲೇಜಿನಲ್ಲಿ ಇಷ್ಟೆಲ್ಲ ಪುಸ್ತಕಗಳು ಇರುವುವೇ ಎಂದು ಕೆಲವರು ಸಂದೇಹಪಡಬಹುದು. ಸಂದೇಹ ನ್ಯಾಯವಾದುದೇ. ಆದರೆ ಇಂದಿನ ಗ್ರಂಥಾಲಯ ತನ್ನ ನಾಲ್ಕು ಗೋಡೆಗಳಿಗೆ ಕಟ್ಟುಬಿದ್ದಿಲ್ಲ. ಖರಗಪುರದ ಐ.ಐ.ಟಿ. ನಡೆಸುವ ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2018ರಲ್ಲಿ ದೇಶಕ್ಕೆ ಅರ್ಪಿಸಲಾಯಿತು. ಅದಕ್ಕೆ ಶುಲ್ಕವಿಲ್ಲ, ಮೊಬೈಲಿನಲ್ಲಿಯೂ ತೆರೆಯಬಹುದು. 2025ರ ಜನವರಿಯಲ್ಲಿ ಮೊದಲಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯ ಮೂಲಕ, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಜಗತ್ತಿನ ಸಹಸ್ರಾರು ಸಂಶೋಧನ ಪತ್ರಿಕೆಗಳನ್ನು ಒದಗಿಸುವ ಏರ್ಪಾಡಾಗಿದೆ. ತಮ್ಮ ಕಾಲೇಜು ಇದರಲ್ಲಿ ನೋಂದಾಯಿತವಾಗಿದೆಯೇ ಎಂದು ವಿದ್ಯಾರ್ಥಿಗಳು ಗ್ರಂಥಪಾಲಕರನ್ನು ಕೇಳಿ ತಿಳಿಯತಕ್ಕದ್ದು. ಒಮ್ಮೆ ಕೇಳಿದರೆ ಸಾಕು, ಕೇಳಿದವನೊಬ್ಬನಿಗೇ ಅಲ್ಲ, ಇಡೀ ಕಾಲೇಜಿಗೆ ಬಾಗಿಲು ತೆರೆಯಬಹುದು.

ಇವುಗಳ ಜೊತೆಗೆ ಕಾಲೇಜು ಗ್ರಂಥಾಲಯಗಳು ನಡೆಸಬಹುದಾದ ಸಣ್ಣಪುಟ್ಟ ಕಾರ್ಯಗಳು ಹಲವು: ಹೊಸ ವಿದ್ಯಾರ್ಥಿಗಳಿಗೆ ಗ್ರಂಥಾಲಯದ ಪರಿಚಯ ಮಾಡಿಕೊಡುವುದು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಹೊಲಿದಿಡುವುದು, ವೃತ್ತಪತ್ರಿಕೆಗಳ ತುಣುಕುಗಳನ್ನು ವಿಷಯವಾರು ಅಂಟಿಸುವುದು, ಬಡ ವಿದ್ಯಾರ್ಥಿಗಳಿಗೆ ವರ್ಷವಿಡೀ ಪುಸ್ತಕಗಳನ್ನು ಕೊಡುವ ಬುಕ್ ಬ್ಯಾಂಕು, ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಪುಸ್ತಕ ಪ್ರದರ್ಶನ. ಇವುಗಳಲ್ಲಿ ನಮಗೆ ಹೆಚ್ಚು ಮೆಚ್ಚಿಕೆಯಾದುದು ಓದುಗರ ಕೂಟ. ತಿಂಗಳಿಗೊಮ್ಮೆ ಹತ್ತು ಮಂದಿ ಸೇರಿ, ತಾವು ಓದಿದ ಒಂದೊಂದು ಪುಸ್ತಕವನ್ನು ಕುರಿತು ಹತ್ತು ನಿಮಿಷ ಮಾತನಾಡಿದರೆ ಸಾಕು. ಇದಕ್ಕೆ ಹಣ ಬೇಡ, ಮೇಲಿನವರ ಮಂಜೂರಾತಿಯೂ ಬೇಡ. ಯಾರೂ ಮುಟ್ಟದ ಪುಸ್ತಕಕ್ಕೆ ಓದುಗನನ್ನು ದೊರಕಿಸಿಕೊಡುವ ಮೂರನೆಯ ಸೂತ್ರ ಇಂಥ ಕೂಟದಲ್ಲಿ ತಾನಾಗಿ ನೆರವೇರುವುದು.

ವಿದ್ಯಾರ್ಥಿಯ ಪಾಲು

ಕೊನೆಗೆ ನಮ್ಮದೇ ಒಂದು ತಪ್ಪೊಪ್ಪಿಗೆ. ನಾವು ಓದುತ್ತಿದ್ದ ಕಾಲದಲ್ಲಿ, ಪರೀಕ್ಷೆಗೆ ಎರಡು ವಾರವಿರುವಾಗ, ದ್ಯುತಿಶಾಸ್ತ್ರದ ಒಳ್ಳೆಯ ಪುಸ್ತಕವೊಂದು ಕೈಗೆ ಸಿಕ್ಕಿತು. ಎರವಲು ಚೀಟಿಗಳೆಲ್ಲ ಮುಗಿದಿದ್ದವು. ನಾಳೆ ಬೇರೆ ಯಾರಾದರೂ ಒಯ್ದಾರೆಂಬ ಭಯದಿಂದ ಅದನ್ನು ಅರ್ಥಶಾಸ್ತ್ರದ ಕಪಾಟಿನ ಹಿಂದಿನ ಸಾಲಿಗೆ ತುರುಕಿ ಬಂದೆವು. ಅದು ಜಾಣತನವೆಂದೇ ಅಂದು ನಮ್ಮ ಭಾವನೆ. ನಮ್ಮ ಸಹಪಾಠಿಯೊಬ್ಬ ಅದೇ ಪುಸ್ತಕಕ್ಕಾಗಿ ಮೂರು ದಿನ ಸರಿಯಾದ ಜಾಗದಲ್ಲಿ ಹುಡುಕಿ, ಬರಿಗೈಯಲ್ಲಿ ಹಿಂದಿರುಗಿದ. ಪಟ್ಟಿಯಲ್ಲಿ ಪುಸ್ತಕವಿದೆ, ಯಾರೂ ಒಯ್ದಿಲ್ಲ, ಆದರೆ ಕಪಾಟಿನಲ್ಲಿಲ್ಲ. ಅವನಿಗೆ ನಾವು ನಿಜವನ್ನು ಹೇಳಲಿಲ್ಲ.

ಮೇಲಿನ ಗಣಿತದ ನಿಜವಾದ ಅರ್ಥ ನಮಗೆ ಹೊಳೆದುದು ಬಹಳ ವರ್ಷಗಳ ಮೇಲೆ. ಸ್ವಸ್ಥಾನದಲ್ಲಿರುವ ಪುಸ್ತಕವನ್ನು ಹದಿನಾಲ್ಕು ನೋಟಗಳಲ್ಲಿ ಹಿಡಿಯಬಹುದು. ಸ್ಥಾನ ತಪ್ಪಿದ ಪುಸ್ತಕಕ್ಕೆ ಕ್ರಮದ ರಕ್ಷೆ ಇಲ್ಲ. ಅದನ್ನು ಹುಡುಕಲು ಹದಿನಾರು ಸಾವಿರವನ್ನೂ ನೋಡಬೇಕಾದೀತು. ಎಂದರೆ, ಪುಸ್ತಕವನ್ನು ಬಚ್ಚಿಡುವುದಕ್ಕೂ ಕದಿಯುವುದಕ್ಕೂ ಓದುಗನ ಪಾಲಿಗೆ ಹೆಚ್ಚಿನ ವ್ಯತ್ಯಾಸವಿಲ್ಲ. ಆದುದರಿಂದಲೇ ಅನೇಕ ಗ್ರಂಥಾಲಯಗಳಲ್ಲಿ, ನೋಡಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ, ಕಪಾಟಿಗೆ ನೀವೇ ಸೇರಿಸಬೇಡಿ ಎಂದು ಕೋರುವರು. ಅದು ಅಧಿಕಾರದ ಮಾತಲ್ಲ. ಮುಂದಿನ ಓದುಗನ ನಾಲ್ಕೂವರೆ ಗಂಟೆಯನ್ನು ಉಳಿಸುವ ಉಪಾಯ.

ಕೆರೆಯ ನೀರನ್ನು ಸರದಿಯಂತೆ ಬಿಟ್ಟುಕೊಳ್ಳುವುದನ್ನು ನಮ್ಮ ಹಿರಿಯರು ಬಲ್ಲರು. ತನ್ನ ಗದ್ದೆಗೆ ಸಾಕಾದ ಮೇಲೆ ರೈತನು ಮಡೆಯನ್ನು ಕಟ್ಟಿ, ಕೆಳಗಿನವನ ಗದ್ದೆಗೆ ನೀರನ್ನು ತಿರುಗಿಸುತ್ತಾನೆ. ಗ್ರಂಥಾಲಯದ ನೀತಿಯೂ ಇಷ್ಟೇ. ವಿದ್ಯಾರ್ಥಿಮಿತ್ರರು ನಾಳೆ ಬಿಡುವಿನ ವೇಳೆಯಲ್ಲಿ ತಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೋಗಲಿ. ಪುಸ್ತಕದ ಹೆಸರನ್ನಲ್ಲ, ತಮ್ಮ ಊರಿನದೊಂದು ಪ್ರಶ್ನೆಯನ್ನು ಒಯ್ಯಲಿ.